ತಲೆಗೆ ಪೆಟ್ಟಾದ ಮೇಲೆ ಸ್ವಭಾವ ಬದಲಾದಾಗ: ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಮನೆಗಳಲ್ಲಿ ಏಳುವ ಪ್ರಶ್ನೆಗಳಿವು. ಬೈಕ್ ಅಪಘಾತ, ಟ್ರ್ಯಾಕ್ಟರಿನಿಂದ ಬಿದ್ದದ್ದು, ಮಾಳಿಗೆಯಿಂದ ಜಾರಿದ್ದು, ಹೊಡೆದಾಟ, ಕಾರಣ ಯಾವುದೇ ಇರಲಿ, ಹೊಲಿಗೆ ಬಿಚ್ಚಿಸಿಕೊಂಡು ಮನೆಗೆ ಬಂದ ಮೇಲೆ ಶುರುವಾಗುವ ತೊಂದರೆಗಳ ಬಗ್ಗೆ ಇಲ್ಲಿದೆ. ಲಕ್ವ ಹೊಡೆದವರಿಗೆ, ಮೆದುಳು ಜ್ವರ ಬಂದು ಹೋದವರಿಗೆ ಕೂಡ ಇದರಲ್ಲಿ ಬಹಳಷ್ಟು ಅನ್ವಯಿಸುತ್ತದೆ. ಮಾತ್ರೆಗಳ ಹೆಸರು ಬರೆದಿರುವುದು ಡಾಕ್ಟರ ಹತ್ತಿರ ಸರಿಯಾಗಿ ಕೇಳಲು ಅನುಕೂಲವಾಗಲಿ ಎಂದು. ಈ ಹೆಸರು ಹಿಡಿದುಕೊಂಡು ಮೆಡಿಕಲ್ ಶಾಪಿಗೆ ಹೋಗಬೇಡಿ.

ಪ್ರಶ್ನೆ: ಗಾಯ ಮಾಯ್ದೈತಿ, ಅಡ್ಡಾಡ್ತಾರ, ಊಟ ಮಾಡ್ತಾರ. ಆದ್ರ ಮನುಷ್ಯನ ಬ್ಯಾರೆ ಆಗ್ಯಾರ. ಯಾಕ?

ತಲೆಬುರುಡೆಯ ಒಳಭಾಗ ಎಲ್ಲ ಕಡೆ ನುಣುಪಾಗಿರುವುದಿಲ್ಲ. ಹಣೆಯ ಹಿಂದೆ, ಕಣ್ಣುಗುಳಿಗಳ ಮೇಲ್ಗಡೆ ಎಲುಬು ಒರಟಾಗಿದೆ, ಅಂಚುಗಳು ಚೂಪಾಗಿವೆ. ಓಡುವ ಬೈಕು ತಟ್ಟನೆ ನಿಂತಾಗ ಒಳಗಿನ ಮೆದುಳು ಮುಂದಕ್ಕೆ ಸರಿದು ಆ ಎಲುಬಿಗೆ ಉಜ್ಜುತ್ತದೆ. ಹಾಗಾಗಿ ಪೆಟ್ಟು ಎಲ್ಲಿಗೇ ಬಿದ್ದಿರಲಿ, ಜಜ್ಜಿಹೋಗುವುದು ಹೆಚ್ಚಾಗಿ ಹಣೆಯ ಹಿಂದಿನ ಫ್ರಾಂಟಲ್ ಲೋಬ್ ಮತ್ತು ಕಪಾಳದ ಮೇಲಿನ ಟೆಂಪೊರಲ್ ಲೋಬಿನ ತುದಿ. ಹಿಂದಿನ ಸೀಟಿನಲ್ಲಿ ಒಂದೇ ಪಕ್ಕಕ್ಕೆ ಕಾಲು ಬಿಟ್ಟು ಕೂತ ಹೆಂಗಸರು ಹಂಪ್ ಬಂದಾಗ ಹಿಂದಕ್ಕೆ ಬೀಳುತ್ತಾರೆ. ಹೊಲಿಗೆ ತಲೆಯ ಹಿಂಭಾಗಕ್ಕೆ ಬೀಳುತ್ತದೆ, ಸ್ಕ್ಯಾನ್ ನೋಡಿದರೆ ರಕ್ತ ಹೆಪ್ಪುಗಟ್ಟಿರುವುದು ಹಣೆಯ ಹಿಂದೆ.

ಕೈಕಾಲು ಆಡಿಸುವ ಭಾಗ ಅದಕ್ಕಿಂತ ಹಿಂದಿದೆ. ಅದು ಉಳಿದರೆ ಮನುಷ್ಯ ನಡೆಯುತ್ತಾನೆ, ಮಾತಾಡುತ್ತಾನೆ, ನೋಡಿದವರು ‘ಆರಾಮ ಆದ’ ಎನ್ನುತ್ತಾರೆ. ಹಣೆಯ ಹಿಂದಿನ ಭಾಗದ ಕೆಲಸ ಕಣ್ಣಿಗೆ ಕಾಣುವಂಥದ್ದಲ್ಲ. ಬಾಯಿಗೆ ಬಂದ ಮಾತನ್ನು ತಡೆಯುವುದು, ಯಾರೂ ಹೇಳದೆ ಕೆಲಸ ಶುರು ಮಾಡುವುದು, ಎದುರಿನವರ ಮುಖ ನೋಡಿ ಅವರಿಗೆ ನೋವಾಯಿತೆಂದು ತಿಳಿಯುವುದು, ನಾಳೆಯ ಲೆಕ್ಕ ಹಾಕಿ ಇವತ್ತಿನ ಆಸೆ ಮುಂದೂಡುವುದು, ಇದೆಲ್ಲ ಅದರ ಕೆಲಸ. ಇವುಗಳಲ್ಲಿ ಯಾವುದು ಕೈಕೊಟ್ಟಿದೆಯೋ ಅದರ ಪ್ರಕಾರ ಒಬ್ಬರು ಸಿಡುಕರಾಗುತ್ತಾರೆ, ಇನ್ನೊಬ್ಬರು ಕಲ್ಲಿನಂತೆ ಕೂರುತ್ತಾರೆ.

ಇದು ಹೊಸ ಸಂಗತಿಯೇನಲ್ಲ. 1848ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ರೈಲು ದಾರಿಗೆ ಬಂಡೆ ಸಿಡಿಸುತ್ತಿದ್ದ ಫಿನಿಯಸ್ ಗೇಜ್ ಎಂಬ ಮೇಸ್ತ್ರಿಯ ಕೆನ್ನೆಯಿಂದ ನೆತ್ತಿಗೆ ಕಬ್ಬಿಣದ ಸಲಾಕೆ ತೂರಿಹೋಯಿತು. ಆತ ಬದುಕಿದ, ನಡೆದ, ಮಾತಾಡಿದ. ಆದರೆ ಇವನು ನಮ್ಮ ಗೇಜ್ ಅಲ್ಲ ಎಂದರು ಪರಿಚಯದವರು. ಅಷ್ಟಾಗಿ ಹೇಳದ ಇನ್ನೊಂದು ಸಂಗತಿಯಿದೆ. ಅದೇ ಗೇಜ್ ಮುಂದೆ ಚಿಲಿ ದೇಶದಲ್ಲಿ ಹಲವು ವರ್ಷ ಕುದುರೆ ಗಾಡಿ ಓಡಿಸಿದ. ದಿನಾ ಅದೇ ಹೊತ್ತು, ಅದೇ ದಾರಿ, ಅದೇ ಕೆಲಸ. ದಿನಚರಿ ಗಟ್ಟಿಯಿದ್ದಲ್ಲಿ ಇಂಥವರು ಸುಧಾರಿಸುತ್ತಾರೆ. ಮುಂದಿನ ಉತ್ತರಗಳಲ್ಲಿ ಅರ್ಧಕ್ಕರ್ಧ ಈ ಮಾತೇ ಬೇರೆ ಬೇರೆ ವೇಷದಲ್ಲಿ ಬರುತ್ತದೆ.

ಪ್ರಶ್ನೆ: ಸ್ಕ್ಯಾನ್ ನಾರ್ಮಲ್ ಐತಿ ಅಂದ್ರು. ಹಂಗಾದ್ರ ನಾಟಕ ಮಾಡಾಕತ್ತಾರೇನು?

ಇಲ್ಲ. ಸಿಟಿ ಸ್ಕ್ಯಾನ್ ಮಾಡುವುದು ಮುಖ್ಯವಾಗಿ ಎಲುಬು ಮುರಿದಿದೆಯೇ, ರಕ್ತ ಕೂಡಿದೆಯೇ, ಆಪರೇಷನ್ ಬೇಕೇ ಎಂದು ನೋಡಲು. ತಲೆ ಗಿರಕಿ ಹೊಡೆದಾಗ ಮೆದುಳಿನೊಳಗಿನ ಸಣ್ಣ ನರತಂತುಗಳು ಅಲ್ಲಲ್ಲಿ ಹರಿಯುತ್ತವೆ. ತುಂಗಭದ್ರಾ ಎಡದಂಡೆಯ ಮುಖ್ಯ ಕಾಲುವೆ ನೋಡಿದರೆ ನೀರು ತುಂಬಿ ಹರಿಯುತ್ತಿರುತ್ತದೆ, ಕೆಳಭಾಗದ ಹೊಲಗಾಲುವೆ ಒಡೆದದ್ದು ಅಲ್ಲಿಂದ ಕಾಣುವುದಿಲ್ಲ. ಇದೂ ಹಾಗೆಯೇ. ಎಂಆರ್‌ಐ ಸ್ವಲ್ಪ ಹೆಚ್ಚು ತೋರಿಸುತ್ತದೆ, ಅದೂ ಎಲ್ಲವನ್ನೂ ಅಲ್ಲ.

ಪೆಟ್ಟಿನ ತೂಕ ಅಳೆಯಲು ಮನೆಯವರೇ ಕೊಡಬಹುದಾದ ಒಂದು ಮಾಹಿತಿ ಇದೆ. ಅಪಘಾತವಾದ ಮೇಲೆ ಎಷ್ಟು ದಿನದ ನೆನಪು ಅವರಿಗೆ ಇಲ್ಲ? ಎಚ್ಚರ ಬಂದ ದಿನವನ್ನು ಲೆಕ್ಕ ಹಿಡಿಯಬೇಡಿ. ಬೆಳಿಗ್ಗೆ ಯಾರು ಬಂದಿದ್ದರು, ಏನು ತಿಂದೆ ಎನ್ನುವುದು ಸಂಜೆಗೂ ಮರುದಿನಕ್ಕೂ ನೆನಪಿರಲು ಶುರುವಾದ ದಿನ ಹಿಡಿಯಿರಿ. ಈ ಅವಧಿ ಒಂದು ದಿನದೊಳಗಿದ್ದರೆ ಸಾಮಾನ್ಯವಾಗಿ ಸಣ್ಣ ಪೆಟ್ಟು, ಒಂದು ವಾರ ದಾಟಿದರೆ ಭಾರಿ ಪೆಟ್ಟು. ತಾರೀಕು ಸಮೇತ ಬರೆದಿಡಿ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಇದು ಬಹಳ ಸಲ ಇರುವುದೇ ಇಲ್ಲ.

ಪ್ರಶ್ನೆ: ಆಸ್ಪತ್ರ್ಯಾಗ ಪೈಪ್ ಕಿತ್ತು ಒಗೀತಾನ, ಅವ್ವಗ ಬೈತಾನ. ಕೈ ಕಟ್ಟ್ಯಾರ. ಹುಚ್ಚು ಹಿಡೀತೇನು?

ಎಚ್ಚರ ಬಂದು ನೆನಪು ಇನ್ನೂ ನಿಲ್ಲದ ಆ ದಿನಗಳಲ್ಲಿ ಇದು ಸಾಮಾನ್ಯ. ತಾನು ಎಲ್ಲಿದ್ದೇನೆ, ಯಾಕೆ ಸೂಜಿ ಚುಚ್ಚುತ್ತಿದ್ದಾರೆ ಎಂಬುದು ನಿಮಿಷ ನಿಮಿಷಕ್ಕೂ ಅಳಿಸಿಹೋಗುತ್ತಿರುತ್ತದೆ. ಅಂಜಿದವರು ಬಡಿದಾಡುತ್ತಾರೆ. ನಮ್ಮ ಕಡೆ ವಾರ್ಡಿಗೆ ಇಡೀ ಓಣಿಯೇ ನೋಡಲು ಬರುತ್ತದೆ, ಬಂದವರೆಲ್ಲ ‘ನಾ ಯಾರು ಹೇಳು ನೋಡೋಣ’ ಎಂದು ಪರೀಕ್ಷೆ ಮಾಡುತ್ತಾರೆ. ಅದನ್ನು ಮೊದಲು ನಿಲ್ಲಿಸಿ. ಹಾಸಿಗೆ ಹತ್ತಿರ ಒಂದು ಸಲಕ್ಕೆ ಒಬ್ಬರು, ಅದೂ ಮನೆಯ ಇಬ್ಬರು ಮೂವರು ಪಾಳಿಯ ಮೇಲೆ. ‘ನೀನು ಬಳ್ಳಾರಿ ದವಾಖಾನ್ಯಾಗ ಅದಿ, ಬೈಕ್ ಬಿದ್ದಿತ್ತು, ಈಗ ಆರಾಮ ಆಗಾಕತ್ತಿ’ ಎಂದು ಅದೇ ಮಾತು ಮೆಲ್ಲಗೆ ಹೇಳುತ್ತಿರಿ. ಮಲಬದ್ಧತೆ, ಮೂತ್ರದ ಪೈಪ್ ಕಟ್ಟಿಕೊಳ್ಳುವುದು, ಜ್ವರ, ಗಮನಕ್ಕೆ ಬಾರದ ಎಲುಬು ಮುರಿತ ಇವುಗಳಿಂದಲೂ ಚಡಪಡಿಕೆ ಹೆಚ್ಚುತ್ತದೆ. ಅದನ್ನು ನೋಡಿರೆಂದು ನರ್ಸಿಗೆ ಹೇಳಿ.

ಪ್ರಶ್ನೆ: ಎಷ್ಟು ದಿನಕ್ಕ ಮೊದಲಿನಂಗ ಆಗ್ತಾರ?

ಮೊದಲ ಆರು ತಿಂಗಳಲ್ಲಿ ಸುಧಾರಣೆ ವೇಗವಾಗಿ ಆಗುತ್ತದೆ, ಎರಡು ವರ್ಷದವರೆಗೆ ನಿಧಾನವಾಗಿ ಮುಂದುವರಿಯುತ್ತದೆ, ಆಮೇಲೂ ಪೂರ್ತಿ ನಿಲ್ಲುವುದಿಲ್ಲ. ಸಣ್ಣ ಪೆಟ್ಟಾದವರಲ್ಲಿ ಹೆಚ್ಚಿನವರು ಮೂರು ತಿಂಗಳೊಳಗೆ ಸರಿಹೋಗುತ್ತಾರೆ. ಭಾರಿ ಪೆಟ್ಟಾದವರಲ್ಲಿ ನಡಿಗೆ, ಮಾತು ಮೊದಲು ಬರುತ್ತವೆ. ತಾಳ್ಮೆ, ಹುರುಪು, ವಿವೇಚನೆ ಕೊನೆಗೆ, ಕೆಲವರಲ್ಲಿ ಅರೆಬರೆಯಾಗಿ. ಎರಡನೆಯ ವರ್ಷದಲ್ಲಿ ಮನಸ್ಸು ಇನ್ನಷ್ಟು ಕುಗ್ಗಿದಂತೆ ಕಾಣಬಹುದು. ತನಗೆ ಏನಾಗಿದೆ ಎನ್ನುವುದು ಅವರಿಗೆ ಆಗ ಅರ್ಥವಾಗತೊಡಗಿರುತ್ತದೆ.

‘ಮೊದಲಿನಂಗ’ ಎಂದು ಕಾಯುತ್ತ ಕೂರುವ ಮನೆಗಳಲ್ಲಿ ಒಂದು ವರ್ಷ ಸುಮ್ಮನೆ ಹೋಗುತ್ತದೆ. ಅದರ ಬದಲು ಮುಂದಿನ ತಿಂಗಳಿಗೆ ಒಂದು ಗುರಿ ಇಟ್ಟುಕೊಳ್ಳಿ. ತಾನೇ ಎದ್ದು ಸ್ನಾನ ಮಾಡುವುದು, ಅಂಗಡಿಗೆ ಹೋಗಿ ಮೂರು ಸಾಮಾನು ತಂದು ಚಿಲ್ಲರೆ ಲೆಕ್ಕ ಕೊಡುವುದು, ಇಂಥವು.

ಪ್ರಶ್ನೆ: ಸಣ್ಣ ಮಾತಿಗೂ ಸಿಟ್ಟು. ತಾಟು ಎತ್ತಿ ಒಗೀತಾರ. ಏನು ಮಾಡೂಣು?

ಇಂಥ ಸಿಟ್ಟು ದಡಕ್ಕನೆ ಏರುತ್ತದೆ, ಹತ್ತು ಹದಿನೈದು ನಿಮಿಷದಲ್ಲಿ ಇಳಿಯುತ್ತದೆ, ಆಮೇಲೆ ಅವರಿಗೆ ಅದು ನೆನಪೇ ಇಲ್ಲದಿರಬಹುದು ಅಥವಾ ಪಶ್ಚಾತ್ತಾಪವಾಗಬಹುದು. ಬುದ್ಧಿ ಹೇಳಿ ತಿದ್ದಲು ಹೋದರೆ ಫಲವಿಲ್ಲ, ಏಕೆಂದರೆ ಬುದ್ಧಿಮಾತನ್ನು ಸಿಟ್ಟಿನ ಹೊತ್ತಿಗೆ ನೆನಪಿಗೆ ತರಬೇಕಾದ ಭಾಗವೇ ಜಜ್ಜಿಹೋಗಿದೆ. ಸುತ್ತಲಿನ ಸಂದರ್ಭ ಬದಲಿಸಬಹುದು.

ಮೊದಲ ಎರಡು ವಾರ ಏನೂ ಬದಲಿಸದೆ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಎಷ್ಟು ಗಂಟೆಗೆ, ಯಾರಿದ್ದರು, ಅದಕ್ಕಿಂತ ಐದು ನಿಮಿಷ ಮೊದಲು ಏನು ನಡೆಯಿತು, ಆಮೇಲೆ ಮನೆಯವರು ಏನು ಮಾಡಿದರು. ಓದಲು ಬಾರದವರು ಮಕ್ಕಳಿಂದ ಬರೆಸಿ, ಅಥವಾ ಮೊಬೈಲಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿ. ‘ಸುಮ್ಮಸುಮ್ಮನೆ ಬರುವ ಸಿಟ್ಟು’ ಎಂದುಕೊಂಡದ್ದಕ್ಕೆ ಬಹುತೇಕ ಒಂದು ಕಾರಣ ಸಿಕ್ಕುತ್ತದೆ. ಹೆಚ್ಚಾಗಿ ಸಿಗುವವು ಇವು: ಮಧ್ಯಾಹ್ನ ಊಟ ತಡವಾದದ್ದು, ಟಿವಿ ಮತ್ತು ಮಿಕ್ಸರ್ ಮತ್ತು ಮಕ್ಕಳ ಗದ್ದಲ ಒಟ್ಟಿಗೆ, ಇಬ್ಬರು ಒಮ್ಮೆಲೇ ಮಾತಾಡಿದ್ದು, ಅವಸರ ಮಾಡಿದ್ದು, ಹಿಂದಿನ ರಾತ್ರಿ ನಿದ್ದೆಯಿಲ್ಲದ್ದು, ಬಂದ ನೆಂಟರ ಮುಂದೆ ‘ಇವಗ ಈಗ ಏನೂ ತಿಳಿಯಂಗಿಲ್ಲ’ ಎಂದು ಹೇಳಿದ್ದು. ಕೊನೆಯದು ಎಲ್ಲಕ್ಕಿಂತ ಕೆಟ್ಟದ್ದು.

ನಮ್ಮ ಸೀಮೆಯಲ್ಲಿ ಬಿಸಿಲನ್ನೂ ಲೆಕ್ಕಕ್ಕೆ ತಗೊಳ್ಳಬೇಕು. ಏಪ್ರಿಲ್, ಮೇನಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ದಣಿದ ಮೆದುಳಿಗೆ ಸೆಕೆ, ನೀರಡಿಕೆ, ಕರೆಂಟ್ ಹೋದ ರಾತ್ರಿ ಇವೆಲ್ಲ ಕೂಡಿದರೆ ಸಿಟ್ಟೂ ಬರುತ್ತದೆ, ಫಿಟ್ಸ್ ಇರುವವರಿಗೆ ಫಿಟ್ಸೂ ಬರಬಹುದು. ಕೆಲಸ, ವ್ಯಾಯಾಮ, ಹೊರಗಿನ ಓಡಾಟ ಬೆಳಿಗ್ಗೆ ಹತ್ತರೊಳಗೆ ಮುಗಿಸಿ, ಮಧ್ಯಾಹ್ನ ಕತ್ತಲೆ ಮಾಡಿದ ತಣ್ಣನೆ ಕೋಣೆಯಲ್ಲಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಮಲಗಿಸಿ. ಅದಕ್ಕಿಂತ ಹೆಚ್ಚು ಮಲಗಿದರೆ ರಾತ್ರಿ ನಿದ್ದೆ ಕೆಡುತ್ತದೆ.

ಸಿಟ್ಟು ಏರಿದ ಕ್ಷಣದಲ್ಲಿ ವಾದ ಬೇಡ, ಮುಟ್ಟುವುದು ಬೇಡ, ಬಾಗಿಲಿಗೆ ಅಡ್ಡ ನಿಲ್ಲುವುದು ಬೇಡ. ದನಿ ತಗ್ಗಿಸಿ, ಒಂದೇ ವಾಕ್ಯ: ‘ಆಯ್ತು, ಆಮ್ಯಾಲೆ ಮಾತಾಡೂಣು.’ ಹೇಳಿ ನೀವೇ ಹೊರಗೆ ಹೋಗಿ, ಅಥವಾ ಮಾತು ಬೇರೆ ಕಡೆ ತಿರುಗಿಸಿ. ಶಾಂತರಾದ ಮೇಲೆ ಅದೇ ವಿಷಯ ತೆಗೆದು ಪಂಚಾಯಿತಿ ಮಾಡಬೇಡಿ. ಕೊಡಲಿ, ಕುಡಗೋಲು, ಈಳಿಗೆ ಕೈಗೆ ಸಿಗದಂತೆ ಇಡಿ. ಕೈ ಮಾಡಿದರೆ ಅದು ಗಾಯದಿಂದ ಬಂದದ್ದೇ ಇರಬಹುದು, ಆದರೂ ಪೆಟ್ಟು ತಿನ್ನುತ್ತ ಕೂರಬೇಕಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗಲು ಒಂದು ಮನೆ ಮೊದಲೇ ಗೊತ್ತು ಮಾಡಿಕೊಳ್ಳಿ, 112ಕ್ಕೆ ಕರೆ ಮಾಡಲು ಹಿಂಜರಿಯಬೇಡಿ.

ಪ್ರಶ್ನೆ: ಫಿಟ್ಸ್ ಮಾತ್ರೆ ಚಾಲೂ ಆದ ಮ್ಯಾಲೆ ಸಿಟ್ಟು ಜಾಸ್ತಿ ಆಗೈತಿ ಅನಸ್ತದ. ಹಂಗ ಆಗ್ತದೇನು?

ಆಗುತ್ತದೆ. ಲೆವೆಟಿರಾಸಿಟಮ್ ಎಂಬ ಮಾತ್ರೆಯನ್ನು ತಲೆಪೆಟ್ಟಾದವರಿಗೆ ಬಹಳ ಕೊಡುತ್ತಾರೆ. ಒಳ್ಳೆಯ ಮಾತ್ರೆಯೇ, ಆದರೆ ಕೆಲವರಲ್ಲಿ ಸಿಡುಕು, ಅಳು, ಸಾಯುವ ಯೋಚನೆಯನ್ನು ಹೆಚ್ಚಿಸುತ್ತದೆ. ಚೀಟಿಯಲ್ಲಿ ಆ ಹೆಸರಿದ್ದರೆ, ಮಾತ್ರೆ ಶುರುವಾದ ತಾರೀಕನ್ನೂ ಸಿಟ್ಟು ಶುರುವಾದ ತಾರೀಕನ್ನೂ ಪಕ್ಕಪಕ್ಕ ಇಟ್ಟು ಡಾಕ್ಟರಿಗೆ ತೋರಿಸಿ. ಬೇರೆ ಫಿಟ್ಸ್ ಮಾತ್ರೆಗೆ ಬದಲಿಸಲು ಬರುತ್ತದೆ. ನೀವಾಗಿಯೇ ತಟ್ಟನೆ ನಿಲ್ಲಿಸಿದರೆ ಒಂದರ ಹಿಂದೊಂದು ಫಿಟ್ಸ್ ಬರುವ ಅಪಾಯವಿದೆ.

ಇನ್ನೊಂದು ಕೇಳಬೇಕಾದದ್ದು: ‘ಇವರಿಗೆ ಫಿಟ್ಸ್ ಬಂದೇ ಇಲ್ಲ, ಮಾತ್ರೆ ಇನ್ನೂ ಬೇಕೇ?’ ಪೆಟ್ಟಾದ ಮೊದಲ ಏಳು ದಿನದ ಫಿಟ್ಸ್ ತಡೆಯಲು ಈ ಮಾತ್ರೆ ಕೊಡುತ್ತಾರೆ. ಒಮ್ಮೆಯೂ ಫಿಟ್ಸ್ ಬರದವರಿಗೆ ಅದನ್ನು ವರ್ಷಗಟ್ಟಲೆ ಮುಂದುವರಿಸಿದರೆ ಮುಂದಿನ ಫಿಟ್ಸ್ ತಪ್ಪುತ್ತದೆ ಎಂಬುದಕ್ಕೆ ಆಧಾರವಿಲ್ಲ. ಯಾರೂ ನಿಲ್ಲಿಸಿ ಎನ್ನಲಿಲ್ಲ ಎಂಬ ಒಂದೇ ಕಾರಣಕ್ಕೆ ಮೂರು ವರ್ಷ ನುಂಗುವವರಿದ್ದಾರೆ.

ಪ್ರಶ್ನೆ: ಸಿಟ್ಟಿಗೆ ಮಾತ್ರೆ ಐತೇನು?

ಇದೆ, ಎರಡನೆಯ ಹೆಜ್ಜೆಯಾಗಿ. ಪ್ರೊಪ್ರನಲಾಲ್ ಇದಕ್ಕೆ ಬಹಳ ವರ್ಷದಿಂದ ಬಳಕೆಯಲ್ಲಿದೆ. ಅಸ್ತಮಾ ಇದ್ದವರಿಗೆ ಆಗದು, ನಾಡಿ ಮತ್ತು ಬಿಪಿ ನೋಡುತ್ತ ನಿಧಾನವಾಗಿ ಏರಿಸಬೇಕು. ಸರ್ಟ್ರಲಿನ್, ಎಸ್ಸಿಟಲೋಪ್ರಾಮ್‌ನಂಥವು ಖಿನ್ನತೆಗೂ ಸಿಡುಕಿಗೂ ಕೊಡುವಂಥವು; ಎರಡರಿಂದ ನಾಲ್ಕು ವಾರ ಕಾಯದೆ ಗುಣ ಕಾಣುವುದಿಲ್ಲ. ನಾಲ್ಕು ದಿನ ನುಂಗಿ ‘ಹತ್ತಲಿಲ್ಲ’ ಎಂದು ಬಿಡುವುದು ಇಲ್ಲಿ ಆಗುವ ದೊಡ್ಡ ತಪ್ಪು.

ಚೀಟಿಯಿಲ್ಲದೆ ನಿದ್ದೆ ಮಾತ್ರೆ ತಂದು ಹಾಲಿನಲ್ಲಿ ಬೆರೆಸಿ ಕೊಡುವ ಮನೆಗಳಿವೆ. ಆಲ್‌ಪ್ರಜೋಲಮ್‌ನಂಥವು ಪೆಟ್ಟಾದ ಮೆದುಳನ್ನು ಇನ್ನಷ್ಟು ಮಂಕಾಗಿಸುತ್ತವೆ, ನೆನಪು ಕೆಡಿಸುತ್ತವೆ, ಕೆಲವರಲ್ಲಿ ಇರುವ ಅಷ್ಟಿಷ್ಟು ಹಿಡಿತವನ್ನೂ ಬಿಡಿಸಿ ರಂಪ ಹೆಚ್ಚಿಸುತ್ತವೆ. ದಿನಾ ಕೊಟ್ಟರೆ ಚಟವಾಗುತ್ತದೆ.

ಪ್ರಶ್ನೆ: ನಮ್ಮ ಹುಡುಗ ದಿನವಿಡೀ ಸುಮ್ಮನ ಕುಂತಿರ್ತಾನ. ಸೋಮಾರಿತನೋ, ಬೇಜಾರೋ?

ಮೂರನೆಯದೂ ಇರಬಹುದು. ಕೆಲಸ ಶುರು ಮಾಡುವ ಭಾಗಕ್ಕೆ ಪೆಟ್ಟಾದವರು ಹಸಿವಾದರೂ ಎದ್ದು ಹೋಗುವುದಿಲ್ಲ, ಯಾರಾದರೂ ‘ಏಳು, ಊಟ ಮಾಡು’ ಎಂದರೆ ಎದ್ದು ಮಾಡುತ್ತಾರೆ. ಅವರಿಗೆ ದುಃಖವೂ ಇರುವುದಿಲ್ಲ, ಖುಷಿಯೂ ಇರುವುದಿಲ್ಲ. ಖಿನ್ನತೆ ಇದ್ದವರು ಬೇರೆ. ಅವರು ಅಳುತ್ತಾರೆ, ನಿದ್ದೆ ಬೇಗ ಮುರಿಯುತ್ತದೆ, ತಾನು ಮನೆಗೆ ಭಾರ ಎನ್ನುತ್ತಾರೆ. ಖಿನ್ನತೆಗೆ ಮಾತ್ರೆ ಮತ್ತು ಆಪ್ತಸಮಾಲೋಚನೆ. ಹುರುಪಿಲ್ಲದ್ದಕ್ಕೆ ಹೊರಗಿನಿಂದ ಚಾಲನೆ ಬೇಕು. ಗೋಡೆಗೆ ಗಂಟೆವಾರು ಚೀಟಿ ಅಂಟಿಸಿ, ಮೊಬೈಲ್ ಅಲಾರಂ ಇಡಿ, ‘ಏನಾದ್ರೂ ಮಾಡು’ ಎನ್ನುವ ಬದಲು ‘ಈ ಬಕೀಟು ತಗೊಂಡು ಎಮ್ಮಿಗೆ ನೀರು ಇಡು’ ಎಂದು ಒಂದೇ ಕೆಲಸ ಹೇಳಿ, ಅದು ಮುಗಿದ ಮೇಲೆ ಇನ್ನೊಂದು. ಕೆಲವರಿಗೆ ಅಮಾಂಟಡಿನ್ ಕೊಟ್ಟು ನೋಡುತ್ತಾರೆ.

ಇಲ್ಲೇ ಒಂದು ರಕ್ತಪರೀಕ್ಷೆಯ ಮಾತು. ಭಾರಿ ಪೆಟ್ಟಾದಾಗ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಗೂ ಏಟಾಗಿ ಹಾರ್ಮೋನ್ ಕಡಿಮೆಯಾಗಬಹುದು. ವಿಪರೀತ ಸುಸ್ತು, ಗಂಡಸರಿಗೆ ಗಡ್ಡ ಬೆಳೆಯುವುದು ಕಮ್ಮಿಯಾಗಿ ಲೈಂಗಿಕ ಆಸಕ್ತಿ ಹೋಗುವುದು, ಹೆಣ್ಣುಮಕ್ಕಳಿಗೆ ಮುಟ್ಟು ನಿಲ್ಲುವುದು, ಚಳಿ ತಡೆಯದಿರುವುದು, ಬಿಪಿ ಇಳಿಯುವುದು, ಇವಿದ್ದರೆ ಬೆಳಿಗ್ಗೆ ಎಂಟರ ಸುಮಾರಿಗೆ ಕಾರ್ಟಿಸಾಲ್, ಜೊತೆಗೆ ಥೈರಾಯ್ಡ್‌ನ ಟಿ4, ಟಿಎಸ್‌ಎಚ್ ಎರಡೂ, ಲೈಂಗಿಕ ಹಾರ್ಮೋನ್, ಪ್ರೊಲ್ಯಾಕ್ಟಿನ್ ಪರೀಕ್ಷೆ ಮಾಡಿಸಬಹುದೇ ಎಂದು ಕೇಳಿ. ಟಿಎಸ್‌ಎಚ್ ಒಂದೇ ನೋಡಿದರೆ ಈ ತೊಂದರೆ ತಪ್ಪಿಹೋಗುತ್ತದೆ, ಅದು ನಾರ್ಮಲ್ ಬಂದುಬಿಡುತ್ತದೆ.

ಪ್ರಶ್ನೆ: ಸುದ್ದಿ ಕೇಳಿ ಅಳ್ತಾರ, ಮಣ್ಣಿಗೆ ಹೋದಲ್ಲಿ ನಕ್ಕುಬಿಟ್ರು. ಯಾಕ?

ಒಳಗಿನ ಭಾವನೆಗೂ ಮುಖದ ಅಳು-ನಗುವಿಗೂ ಇರುವ ಕೊಂಡಿ ಸಡಿಲವಾಗಿದೆ. ಅವರನ್ನೇ ಕೇಳಿ: ‘ನಿಮಗೆ ಖರೇನ ದುಃಖ ಆತೇನು?’ ಇಲ್ಲ ಎಂದರೆ ಅದು ಈ ತೊಂದರೆ. ಸಮಾಧಾನ ಮಾಡಲು ಹೋದಷ್ಟೂ ಹೆಚ್ಚಾಗುತ್ತದೆ. ಮಾತು ಬದಲಿಸಿ, ನೀರು ಕೊಡಿ, ನಿಧಾನ ಉಸಿರಾಡಲು ಹೇಳಿ. ಕಡಿಮೆ ಪ್ರಮಾಣದ ಖಿನ್ನತೆಯ ಮಾತ್ರೆಯಿಂದ ಚೆನ್ನಾಗಿ ಹತೋಟಿಗೆ ಬರುತ್ತದೆ. ಸಾವಿನ ಮನೆಯವರಿಗೆ ವಿಷಯ ತಿಳಿಸಿಬಿಡಿ, ವರ್ಷಗಟ್ಟಲೆ ಮಾತು ಬಿಡುವುದು ತಪ್ಪುತ್ತದೆ.

ಪ್ರಶ್ನೆ: ‘ನನಗೇನಾಗೈತಿ, ಬೈಕ್ ಚಾವಿ ಕೊಡು’ ಅಂತಾರ.

ಸುಳ್ಳು ಹೇಳುತ್ತಿಲ್ಲ. ತನ್ನ ಕೊರತೆ ತನಗೆ ತಿಳಿಯುವುದೂ ಮೆದುಳಿನದೇ ಕೆಲಸ, ಅದೇ ಕೆಟ್ಟಿರುತ್ತದೆ. ವಾದದಿಂದ ಮನವರಿಕೆಯಾಗುವುದಿಲ್ಲ. ಚಿಕ್ಕ ಕೆಲಸ ಕೊಟ್ಟು ಅವರೇ ನೋಡುವಂತೆ ಮಾಡಿ: ಐದು ಸಾಮಾನಿನ ಪಟ್ಟಿ, ಚಿಲ್ಲರೆ ಲೆಕ್ಕ. ಬೈಕಿನ ವಿಷಯದಲ್ಲಿ ‘ಬ್ಯಾಡ’ ಎನ್ನುವುದು ಹೆಂಡತಿ ಅಲ್ಲ, ಡಾಕ್ಟರ್ ಆಗಿರಲಿ. ಚೀಟಿಯ ಮೇಲೆ ‘ಗಾಡಿ ಓಡಿಸಬಾರದು, ಮುಂದಿನ ತಪಾಸಣೆವರೆಗೆ’ ಎಂದು ಬರೆಸಿಕೊಂಡು ಗೋಡೆಗೆ ಅಂಟಿಸಿ. ಗಾಡಿಯನ್ನೇ ತಮ್ಮನ ಮನೆಗೆ ಸಾಗಿಸಿದರೆ ಇನ್ನೂ ಒಳಿತು. ಫಿಟ್ಸ್ ಇರುವವರಿಗೆ ಲೈಸೆನ್ಸೇ ಸಿಗುವಂತಿಲ್ಲ.

ದುಡ್ಡಿನ ಬಗ್ಗೆ ಇನ್ನೂ ಬಿಗಿ ಬೇಕು. ಯುಪಿಐ ಇರುವ ಖಾತೆಯಲ್ಲಿ ವಾರದ ಖರ್ಚಿನಷ್ಟೇ ಹಣ ಬಿಡಿ, ದಿನದ ಮಿತಿ ಇಳಿಸಿ, ಮೊಬೈಲಿನಿಂದ ಸಾಲದ ಆ್ಯಪ್ ಮತ್ತು ರಮ್ಮಿ ಆಟ ತೆಗೆಸಿ. ಹೊಲದ ಕಾಗದಪತ್ರ, ಚೆಕ್ ಪುಸ್ತಕ ನಂಬಿಗಸ್ತರ ಹತ್ತಿರ ಇರಲಿ. ತಲೆಪೆಟ್ಟಾದವರ ಸಹಿ ಹಾಕಿಸಿಕೊಂಡು ಜಮೀನು ಬರೆಸಿಕೊಳ್ಳುವವರು ಹೊರಗಿನವರೇ ಆಗಿರಬೇಕೆಂದಿಲ್ಲ.

ಪ್ರಶ್ನೆ: ಹೆಣ್ಣುಮಕ್ಕಳ ಮುಂದ ಅಸಹ್ಯ ಮಾತಾಡ್ತಾರ. ಹೇಳ್ಕೊಳ್ಳಾಕೂ ನಾಚಿಕಿ.

ಡಾಕ್ಟರಿಗೆ ಮಾತ್ರ ಹೇಳಲೇಬೇಕು, ಇದು ಅವರಿಗೆ ಗೊತ್ತಿರುವ ಲಕ್ಷಣ. ಮನೆಯಲ್ಲಿ ಎಲ್ಲರೂ ಒಂದೇ ರೀತಿ ನಡೆದುಕೊಳ್ಳಬೇಕು. ನಗಬಾರದು, ಬೈಯಬಾರದು, ಒಂದೇ ಸಾಲು: ‘ಇಲ್ಲಿ ಆ ಮಾತು ಬ್ಯಾಡ.’ ಹೇಳಿ ಎದ್ದು ಹೋಗಬೇಕು. ಒಬ್ಬ ಮೈದುನ ನಕ್ಕರೂ ಅದು ಗಟ್ಟಿಯಾಗುತ್ತದೆ. ಹುಡುಗಿಯರನ್ನು ಅವರ ಜೊತೆ ಒಂಟಿಯಾಗಿ ಬಿಡಬೇಡಿ. ಹೆಂಡತಿಗೆ ಒಲ್ಲೆ ಎನ್ನುವ ಹಕ್ಕು ಪೆಟ್ಟಿನಿಂದ ಹೋಗುವುದಿಲ್ಲ. ಅತ್ತೆಯೇ ಮಧ್ಯೆ ಬಂದು ಬೇರೆ ಕೋಣೆಯಲ್ಲಿ ಹಾಸಿಗೆ ಹಾಕಿಸಬೇಕಾಗಬಹುದು.

ಪ್ರಶ್ನೆ: ಸ್ವಲ್ಪ ಸೇಂದಿ ಕುಡದ್ರ ನಿದ್ದಿ ಬರ್ತದಂತ. ಕೊಡಬೌದೇನು?

ಬೇಡ. ಪೆಟ್ಟಾದ ಮೇಲೆ ಮೊದಲಿಗಿಂತ ಕಡಿಮೆ ಪ್ರಮಾಣಕ್ಕೇ ಅಮಲೇರುತ್ತದೆ, ಫಿಟ್ಸ್ ಬರಬಹುದು, ಮತ್ತೆ ಬೀಳಬಹುದು. ರಾಯಚೂರು ಭಾಗದ ಕಲಬೆರಕೆ ಸೇಂದಿಯಲ್ಲಿ ಇನ್ನೊಂದು ಅಪಾಯ. ಅದರಲ್ಲಿ ಕ್ಲೋರಲ್ ಹೈಡ್ರೇಟ್, ಅಂದರೆ ಸಿಎಚ್ ಪೌಡರ್, ಅಥವಾ ನಿದ್ದೆ ಮಾತ್ರೆಗಳನ್ನು ಸೇರಿಸಿರುತ್ತಾರೆ. ದಿನಾ ಕುಡಿಯುತ್ತಿದ್ದವರು ಅಪಘಾತವಾಗಿ ಆಸ್ಪತ್ರೆ ಸೇರಿದ ಎರಡು ಮೂರು ದಿನಕ್ಕೆ ನಡುಕ, ಬೆವರು, ಯಾರೋ ಕಂಡಂತಾಗುವುದು, ಫಿಟ್ಸ್ ಶುರುವಾಗುತ್ತದೆ. ಅದು ಪೆಟ್ಟಿನಿಂದ ಬಂದದ್ದೋ ಸೇಂದಿ ನಿಂತದ್ದರಿಂದಲೋ ಗೊತ್ತಾಗಬೇಕಾದರೆ ಅಡ್ಮಿಟ್ ಮಾಡುವಾಗಲೇ ‘ದಿನಾ ಇಷ್ಟು ಕುಡೀತಿದ್ರು’ ಎಂದು ಹೇಳಬೇಕು. ಮರ್ಯಾದೆಗೆ ಅಂಜಿ ಮುಚ್ಚಿಟ್ಟರೆ ಪ್ರಾಣಕ್ಕೆ ಬರುತ್ತದೆ.

ಪ್ರಶ್ನೆ: ಗಾಳಿ ಸೋಕೈತಿ ಅಂತಾರ ಹಿರೇರು. ದರ್ಗಾಕ್ಕ, ಹುಲಿಗೆಮ್ಮನ ಗುಡಿಗೆ ಒಯ್ಯೂಣೇನು?

ಒಯ್ಯಿರಿ, ಮನಸ್ಸಿಗೆ ಧೈರ್ಯ ಬಂದರೆ ಒಳ್ಳೆಯದೇ. ಮೂರು ಷರತ್ತು: ಮಾತ್ರೆ ಒಂದು ಹೊತ್ತೂ ತಪ್ಪಬಾರದು, ಉಪವಾಸ ಕೆಡವಬಾರದು, ಯಾರೂ ಹೊಡೆಯಬಾರದು ಬರೆ ಹಾಕಬಾರದು. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ನಿಷೇಧಿಸಿದೆ. ಹುಣ್ಣಿಮೆ ದಿನ, ಜಾತ್ರೆ ದಿನ ಬೇಡ. ಆ ಗದ್ದಲ, ಬಿಸಿಲು, ಡೊಳ್ಳಿನ ಸಪ್ಪಳ ಇವರಿಗೆ ತಡೆಯುವುದಿಲ್ಲ, ಅಲ್ಲಿ ರಂಪವಾದರೆ ‘ನೋಡು, ಮೈಮ್ಯಾಲೆ ಬಂತು’ ಎಂಬ ಮಾತು ಬೇರೆ ಹುಟ್ಟುತ್ತದೆ.

ಪ್ರಶ್ನೆ: ‘ಸತ್ರ ಪಾಡು’ ಅಂತಿರ್ತಾರ. ಸುಮ್ಮನ ಅಂತಾರೋ ಏನೋ.

ಸುಮ್ಮನೆ ಎಂದು ಬಿಡಬೇಡಿ. ತಲೆಪೆಟ್ಟಾದವರಲ್ಲಿ ಆತ್ಮಹತ್ಯೆಯ ಅಪಾಯ ಉಳಿದವರಿಗಿಂತ ಹೆಚ್ಚು, ಯೋಚನೆಗೂ ಕೃತಿಗೂ ನಡುವೆ ಅಂತರ ಕಡಿಮೆ. ನೇರವಾಗಿ ಕೇಳಿ: ‘ಸಾಯಬೇಕು ಅನಸ್ತದೇನು? ಹೆಂಗ ಅಂತ ಯೋಚನೆ ಮಾಡೀರೇನು?’ ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬ ಅಂಜಿಕೆ ಬೇಡ. ಹತ್ತಿ, ಮೆಣಸಿನಕಾಯಿ, ಭತ್ತಕ್ಕೆ ಹೊಡೆಯುವ ಎಣ್ಣೆ (ಕೀಟನಾಶಕ) ಡಬ್ಬಿ ಇವತ್ತೇ ಮನೆಯಿಂದ ಆಚೆ ಹೋಗಬೇಕು, ಬೇರೆಯವರ ಮನೆಗೆ, ಬೀಗ ಹಾಕಿ. ಮಾತ್ರೆಯನ್ನು ಒಂದೊಂದು ದಿನದ್ದೇ ಕೈಗೆ ಕೊಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಪ್ರಶ್ನೆ: ಯಾವಾಗ ಅವಸರ ಮಾಡಿ ದವಾಖಾನಿಗೆ ಒಯ್ಯಬೇಕು?

ಸುಧಾರಿಸುತ್ತಿದ್ದವರು ತಟ್ಟನೆ ಹಿಂದೆ ಬಿದ್ದರೆ. ಹೊಸದಾಗಿ ತಲೆನೋವು, ವಾಂತಿ, ಮಂಪರು, ಒಂದು ಪಕ್ಕ ಬಲಹೀನ, ನಡಿಗೆ ತಪ್ಪುವುದು, ಫಿಟ್ಸ್, ಮೂಗಿನಿಂದ ನೀರಿನಂತೆ ಸೋರುವುದು ಕಂಡರೆ 108. ವಯಸ್ಸಾದವರಲ್ಲಿ, ಕುಡಿಯುವವರಲ್ಲಿ, ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರಲ್ಲಿ ಸಣ್ಣ ಪೆಟ್ಟಾಗಿ ಮೂರರಿಂದ ಆರು ವಾರದ ಮೇಲೆ ಮೆದುಳಿನ ಹೊರಗೆ ರಕ್ತ ನಿಧಾನ ಕೂಡಬಹುದು. ‘ಅಜ್ಜಗ ಅರಳು ಮರಳು’ ಎಂದು ಬಿಡಬೇಡಿ, ಸಣ್ಣ ಆಪರೇಷನ್‌ನಿಂದ ಸರಿಹೋಗುವ ತೊಂದರೆ ಅದು.

ವಾಸನೆ ತಿಳಿಯದಿದ್ದರೆ ಅವಸರವೇನಿಲ್ಲ, ಆದರೆ ಹೇಳಿ. ಹಣೆಯ ಬುಡದ ಪೆಟ್ಟಿನ ಗುರುತು ಅದು. ಗ್ಯಾಸ್ ಸೋರಿದ್ದು, ಸಾರು ಹಳಸಿದ್ದು ಅವರಿಗೆ ಗೊತ್ತಾಗುವುದಿಲ್ಲ.

ಪ್ರಶ್ನೆ: ಇಲ್ಲೇ ಎಲ್ಲಿ ತೋರಿಸೂಣು?

ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ (ಜನ ಇನ್ನೂ ವಿಮ್ಸ್ ಎಂದೇ ಕರೆಯುತ್ತಾರೆ), ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಈ ಮೂರರಲ್ಲೂ ಮನೋವೈದ್ಯ ವಿಭಾಗ ಇದೆ. ತಾಲೂಕು ಆಸ್ಪತ್ರೆಗೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಬರುವ ದಿನ ಯಾವುದೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ನೆನಪು, ಗಮನ, ವಿವೇಚನೆಯ ವಿವರವಾದ ಪರೀಕ್ಷೆಗೆ ಧಾರವಾಡದ ಡಿಮ್ಹಾನ್ಸ್ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ಗೆ ಕಳಿಸಿಕೊಡಲು ಹೇಳಿ. ಹೋಗುವಾಗ ಡಿಸ್ಚಾರ್ಜ್ ಸಮ್ಮರಿ, ಮೊದಲ ದಿನದ ಸಿಟಿ ಫಿಲ್ಮ್, ಈಗಿನ ಎಲ್ಲ ಮಾತ್ರೆಯ ಪಟ್ಟಿ, ಸಿಟ್ಟಿನ ನೋಟ್‌ಬುಕ್ ಒಯ್ಯಿರಿ. ಮನೆಯಲ್ಲಿ ಜೊತೆಗಿರುವವರೇ ಹೋಗಬೇಕು. ಡಾಕ್ಟರ ಮುಂದೆ ಹತ್ತು ನಿಮಿಷ ಇವರು ತಣ್ಣಗೆ, ನೆಟ್ಟಗೆ ಮಾತಾಡಿಬಿಡುತ್ತಾರೆ.

ಪ್ರಶ್ನೆ: ಕೋರ್ಟಿನ ಪರಿಹಾರ, ಅಂಗವಿಕಲ ಕಾರ್ಡು?

ರಸ್ತೆ ಅಪಘಾತವಾದರೆ ಮೋಟಾರು ಅಪಘಾತ ನ್ಯಾಯಮಂಡಳಿಗೆ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂದು 2022ರ ಏಪ್ರಿಲ್‌ನಿಂದ ಜಾರಿಯಾದ ತಿದ್ದುಪಡಿ ಹೇಳುತ್ತದೆ. ಮೀರಿದ್ದರೂ ವಕೀಲರನ್ನು ಕೇಳದೆ ಕೈಬಿಡಬೇಡಿ. ಅರ್ಜಿ ಬೇಗ ಹಾಕಿ, ರಾಜಿ ಮಾತ್ರ ಬೇಗ ಮಾಡಿಕೊಳ್ಳಬೇಡಿ. ಮೂರು ತಿಂಗಳಿಗೆ ಲೋಕ ಅದಾಲತ್‌ನಲ್ಲಿ ಕಾಲಿನ ಮುರಿತಕ್ಕಷ್ಟೇ ದುಡ್ಡು ತಗೊಂಡು ಮುಗಿಸಿದವರಿಗೆ, ವರ್ಷದ ಮೇಲೆ ಕೆಲಸ ಮಾಡಲಾಗದು ಎಂದು ತಿಳಿದಾಗ ದಾರಿ ಇರುವುದಿಲ್ಲ. ನೆನಪು, ವರ್ತನೆಯ ಬದಲಾವಣೆ ಮನೋವೈದ್ಯರ ವರದಿಯಲ್ಲಿ ಲಿಖಿತವಾಗಿ ಬರಬೇಕು. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಪುಕ್ಕಟೆ ವಕೀಲರನ್ನು ಕೊಡುತ್ತದೆ. ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿಗೆ, ಅರ್ಜಿ ಹಾಕುವಾಗ ಕೈಕಾಲಿನದಷ್ಟೇ ಅಲ್ಲದೆ ಮಾನಸಿಕ, ನರಸಂಬಂಧಿ ತೊಂದರೆಯನ್ನೂ ಸೇರಿಸಿ ನೋಡಲು ಕೇಳಿ. 40 ಪ್ರತಿಶತಕ್ಕಿಂತ ಕೆಳಗಾದರೆ ಹೆಚ್ಚಿನ ಸೌಲಭ್ಯ ಸಿಗುವುದಿಲ್ಲ.

ಪ್ರಶ್ನೆ: ಮಕ್ಕಳಿಗೆ ಏನಂತ ಹೇಳೂದು?

‘ಅಪ್ಪನ ತಲೆಯೊಳಗ ಗಾಯ ಆಗೈತಿ, ಅದು ಹೊರಗ ಕಾಣಂಗಿಲ್ಲ, ಅದಕ್ಕ ಬೈತಾನ. ನೀ ಏನೂ ತಪ್ಪು ಮಾಡಿಲ್ಲ.’ ಇಷ್ಟು ಸಾಕು. ಆರೇಳು ವರ್ಷದ ಮಕ್ಕಳು ತಮ್ಮಿಂದಲೇ ಹೀಗಾಯಿತು ಎಂದುಕೊಂಡಿರುತ್ತಾರೆ, ಹಾಗಾಗಿ ಕೊನೆಯ ಮಾತು ಬಿಡಬೇಡಿ. ಶಾಲೆಯ ಟೀಚರಿಗೂ ತಿಳಿಸಿ. ಅಪ್ಪನನ್ನು ಕಾಯುವ ಕೆಲಸ ಮಾತ್ರ ಮಕ್ಕಳಿಗೆ ಒಪ್ಪಿಸಬೇಡಿ.

ಪ್ರಶ್ನೆ: ಮತ್ತ ಕೆಲಸಕ್ಕ ಯಾವಾಗ ಕಳಿಸಬೌದು?

ಮನೆಯಲ್ಲಿ ಎರಡು ಗಂಟೆ ಒಂದೇ ಕೆಲಸವನ್ನು ತಲೆನೋವು, ಸಿಟ್ಟು ಇಲ್ಲದೆ ಮಾಡಬಲ್ಲರಾದರೆ ದಿನಕ್ಕೆ ಎರಡು ಮೂರು ಗಂಟೆಯಿಂದ ಶುರು ಮಾಡಬಹುದು. ಎರಡು ವಾರ ಸರಿಹೋದರೆ ಒಂದು ಗಂಟೆ ಹೆಚ್ಚಿಸಿ, ಕೆಟ್ಟರೆ ಹಿಂದಿನ ಹಂತಕ್ಕೆ ಇಳಿಸಿ. ಅಕ್ಕಿ ಗಿರಣಿ, ಗಣಿ, ಉಕ್ಕಿನ ಕಾರ್ಖಾನೆಯಲ್ಲಿದ್ದವರನ್ನು ಓಡುವ ಬೆಲ್ಟ್, ಎತ್ತರ, ಕುಲುಮೆ, ರಾತ್ರಿ ಪಾಳಿಯಿಂದ ದೂರ ಇಡಬೇಕು. ಹೊಲದಲ್ಲಿ ಟ್ರ್ಯಾಕ್ಟರ್, ಬಾವಿ, ಕಾಲುವೆ ದಂಡೆ, ಎಣ್ಣೆ ಹೊಡೆಯುವ ಕೆಲಸ ಬೇಡ. ಕಳೆ ಕೀಳುವುದು, ಕುರಿ ಮೇಯಿಸುವುದು ಜೊತೆಗೊಬ್ಬರಿದ್ದರೆ ಆಗಬಹುದು. ಲೆಕ್ಕ ಬರೆಯುವ ಗುಮಾಸ್ತಿಕೆ ಹಗುರದ ಕೆಲಸವೆಂದು ಎಲ್ಲರೂ ಅದನ್ನೇ ಮೊದಲು ಕೊಡಿಸುತ್ತಾರೆ. ಮೆದುಳಿಗೆ ಅದೇ ಎಲ್ಲಕ್ಕಿಂತ ಭಾರ, ಅದನ್ನು ಕೊನೆಗೆ ಇಟ್ಟುಕೊಳ್ಳಿ.